ಮುಹೂರ್ತಕ್ಕೆ ಮೊದಲಿನ ಆರತಕ್ಷತೆ

“ನಮಗೇನೂ ಬೇಡ, ಮದುವೆಯೊಂದನ್ನು ಚೆನ್ನಾಗಿ ಮಾಡಿಕೊಟ್ಟರೆ ಸಾಕು.” ಹಳೆಯ ಮೈಸೂರು ಸೀಮೆಯಲ್ಲಿ ಹೆಣ್ಣು ಹೆತ್ತವರ ಪೈಕಿ ಈ ಮಾತನ್ನು ಕೇಳದವರು ವಿರಳ. ಆಡುವವರು ವಿದ್ಯಾವಂತರು, ಸಭ್ಯರು, ವರದಕ್ಷಿಣೆಯ ಹೆಸರೆತ್ತಿದರೆ ಕಿವಿ ಮುಚ್ಚಿಕೊಳ್ಳುವವರು. ಅವರ ಸೌಜನ್ಯವನ್ನು ನಾನು ಶಂಕಿಸುವುದಿಲ್ಲ. ಆದರೆ ಆ ವಾಕ್ಯದ ಪೂರ್ವಾರ್ಧವು ಬಿಟ್ಟುಕೊಟ್ಟುದನ್ನೆಲ್ಲ ಉತ್ತರಾರ್ಧವು ಹಿಂದಕ್ಕೆ ಸೆಳೆದುಕೊಳ್ಳುತ್ತದೆಂಬುದು ಅವರಿಗೂ ತಿಳಿಯದ ಸಂಗತಿಯಲ್ಲ. ಹಣವನ್ನೇ ಕೇಳಿದ್ದರೆ ಅದಕ್ಕೊಂದು ಮೊತ್ತವಿರುತ್ತಿತ್ತು. ಆಗದೆಂದು ಹೇಳುವುದಕ್ಕೆ ಎಡೆಯಿರುತ್ತಿತ್ತು. 1961ರ ವರದಕ್ಷಿಣೆ ನಿಷೇಧದ ಕಾಯಿದೆಯ ಅಂಜಿಕೆಯಾದರೂ ಇರುತ್ತಿತ್ತು. “ಚೆನ್ನಾಗಿ” ಎಂಬ ಮಾತಿಗೆ ಮೊತ್ತವಿಲ್ಲ, ಮೇರೆಯಿಲ್ಲ. ಅದರ ಅರ್ಥವನ್ನು ಕೇಳಿದವರು ಹೇಳುವುದಿಲ್ಲ; ಕೊಡುವವರು ಊಹಿಸಿಕೊಳ್ಳಬೇಕು. ಊಹೆಯು ಯಾವಾಗಲೂ ಶಕ್ತಿಗಿಂತ ಒಂದು ಗೇಣು ಮುಂದೆಯೇ ಓಡುತ್ತದೆ.

ಈ “ಚೆನ್ನಾಗಿ”ಯ ಅರ್ಥವೆಲ್ಲ ಇಂದು ಬಹುಮಟ್ಟಿಗೆ ಒಂದು ಸಾಯಂಕಾಲದಲ್ಲಿ ಅಡಗಿದೆ. ಅದು ಮುಹೂರ್ತದ ಹಿಂದಿನ ದಿನ ನಡೆಯುವ ಆರತಕ್ಷತೆ. ಆರು ತಿಂಗಳ ಸಿದ್ಧತೆ, ಸಾಲಸೋಲ, ಮನಸ್ತಾಪ, ಇವೆಲ್ಲವೂ ಆ ನಾಲ್ಕು ತಾಸುಗಳಿಗಾಗಿ, ಮಿಕ್ಕುದು ವಿವಾಹಕ್ಕೆ. ಈ ಹಿಂದಿನ ದಿನದ ಆರತಕ್ಷತೆಯನ್ನು ನಾವು ನಿಲ್ಲಿಸತಕ್ಕದ್ದು; ಬೇಕೆನಿಸಿದವರು ಮದುವೆಯಾದ ತರುವಾಯ, ಗಂಡಿನ ಮನೆಯವರ ಖರ್ಚಿನಲ್ಲಿ, ಅವರ ಊರಿನಲ್ಲಿ ಇಟ್ಟುಕೊಳ್ಳತಕ್ಕದ್ದು ಎಂಬುದೇ ನನ್ನ ವಾದ. ವಾಚಕ ಮಹಾಶಯರಲ್ಲಿ ಅನೇಕರು ಇಂಥ ಆರತಕ್ಷತೆಗಳನ್ನು ನಡೆಸಿದವರೇ ಆಗಿರುವರು. ನಾನೂ ಹತ್ತಾರು ಕಡೆ ಸಾಲಿನಲ್ಲಿ ನಿಂತು ಉಡುಗೊರೆಯ ಲಕೋಟೆ ಕೊಟ್ಟು ಉಂಡು ಬಂದವನೇ. ಆದುದರಿಂದ ಈ ಆಕ್ಷೇಪವನ್ನು ಹೊರಗಿನವನ ನಿಂದೆಯೆಂದು ಭಾವಿಸಬಾರದು.

ಮೊದಲು ಹೆಸರನ್ನೇ ನೋಡೋಣ. ಆರತಿ, ಅಕ್ಷತೆ ಎಂಬೆರಡು ಮಾತುಗಳು ಕೂಡಿ ಆರತಕ್ಷತೆಯಾಯಿತು. ಧಾರೆಯೆರೆದು, ಮಾಂಗಲ್ಯಧಾರಣೆಯಾಗಿ, ಸಪ್ತಪದಿ ಮುಗಿದು ಗೃಹಸ್ಥರಾದ ವಧೂವರರನ್ನು ಸಂಜೆ ಹಸೆಯ ಮೇಲೆ ಕುಳ್ಳಿರಿಸಿ, ಬಂಧುಗಳೂ ಇಷ್ಟರೂ ಅಕ್ಷತೆಯಿಟ್ಟು ಹರಸುವುದು, ಹೆಂಗಸರು ಹಾಡಿ ಆರತಿಯೆತ್ತುವುದು, ಆ ಹೆಸರು ಸೂಚಿಸುವ ಕ್ರಮ ಇದು. ದಕ್ಷಿಣಕನ್ನಡದ ಅನೇಕ ಮನೆಗಳಲ್ಲಿ ಇಂದಿಗೂ ಮುಹೂರ್ತದ ದಿನದ ಮಧ್ಯಾಹ್ನದ ಊಟಕ್ಕೇ ಊರು ಕೂಡುತ್ತದೆ. ಧಾರವಾಡದ ಕಡೆಯೂ ಅಕ್ಷತೆ ಬಿದ್ದ ಮೇಲೆ ಎಲೆ ಹಾಕುವ ಮನೆಗಳು ಬಹಳ. ಬೆಂಗಳೂರು, ಮೈಸೂರು, ಮಂಡ್ಯ, ತುಮಕೂರುಗಳ ಪೇಟೆಗಳಲ್ಲಿಯೋ, ಇನ್ನೂ ವಿವಾಹವೇ ಆಗದ ಇಬ್ಬರನ್ನು ಸಿಂಹಾಸನದಂಥ ಆಸನಗಳ ಮುಂದೆ ನಿಲ್ಲಿಸಿ, “ನೂರು ಕಾಲ ಸುಖವಾಗಿ ಬಾಳಿ” ಎಂದು ಸಾವಿರ ಜನ ಹರಸಿ ಹೋಗುತ್ತಾರೆ. ಹರಸಿದವರಲ್ಲಿ ಬಹುಮಂದಿ ಮಾರನೆಯ ಬೆಳಗ್ಗೆ ಮದುವೆಯಾಯಿತೇ ಇಲ್ಲವೇ ಎಂಬುದನ್ನು ಕಣ್ಣಾರೆ ಕಾಣುವುದೇ ಇಲ್ಲ. ಇದಕ್ಕಿಂತ ವಿಚಿತ್ರವಾದ ವಿಪರ್ಯಾಸವನ್ನು ಪ್ರಹಸನಕಾರನೂ ಕಲ್ಪಿಸಲಾರನು.

ಇದು ಶಾಸ್ತ್ರದಿಂದ ಬಂದುದಲ್ಲ. ಛತ್ರದ ಬಾಡಿಗೆಯ ಲೆಕ್ಕದಿಂದ ಬಂದುದು. ನಮ್ಮ ಅಜ್ಜಂದಿರ ಕಾಲದಲ್ಲಿ ಮದುವೆಯು ಮನೆಯ ಮುಂದಿನ ಚಪ್ಪರದಲ್ಲಿ ನಾಲ್ಕೈದು ದಿನ ನಡೆಯುತ್ತಿದ್ದಿತು. ಅದು ಛತ್ರಕ್ಕೆ ಬಂದ ಮೇಲೆ ಒಂದೂವರೆ ದಿನಕ್ಕೆ ಕುಗ್ಗಿತು: ಮುನ್ನಾದಿನದ ಮಧ್ಯಾಹ್ನ ಬಾಗಿಲು ತೆರೆದರೆ, ಮುಹೂರ್ತದ ದಿನದ ಮಧ್ಯಾಹ್ನ ಮೂರು ಗಂಟೆಗೆ ಬೀಗ. ಗಂಡಿನ ಕಡೆಯವರು ಬಂದಿಳಿದು ವರಪೂಜೆಯಾದ ಮೇಲೆ ಆ ಸಂಜೆಯು ಬರಿದಾಗಿ ಉಳಿಯಿತು. ಕಚೇರಿಗೆ ಹೋಗುವವರಿಗೆ ಬೆಳಗಿನ ಮುಹೂರ್ತಕ್ಕಿಂತ ಸಂಜೆಯೇ ಅನುಕೂಲ. ಬಾಡಿಗೆ ಹೇಗೂ ಕೊಟ್ಟಿರುವುದಷ್ಟೆ, ಸಂಜೆಯೇ ಬಂದು ಹೋಗಲಿ ಎಂದು ಮೊದಮೊದಲು ಅನುಕೂಲಕ್ಕಾಗಿ ಮಾಡಿಕೊಂಡ ಏರ್ಪಾಡು ಇದು. ಹಿತ್ತಿಲ ಬಾಗಿಲಿನಿಂದ ಒಳಗೆ ಬಂದ ಅತಿಥಿಯು ಈಗ ಯಜಮಾನನ ಮಣೆಯ ಮೇಲೆಯೇ ಕುಳಿತಿದ್ದಾನೆ.

ನನ್ನ ನೆರೆಮನೆಯ ನಿವೃತ್ತ ಉಪಾಧ್ಯಾಯರೊಬ್ಬರ ಹಿರಿಯ ಮಗಳ ಮದುವೆಯ ಸಿದ್ಧತೆಯನ್ನು ನಾನು ಆದಿಯಿಂದ ಅಂತ್ಯದವರೆಗೆ ಕಂಡೆನು. ಸಂಬಂಧವು ಗಟ್ಟಿಯಾದ ಮರುದಿನ ಅವರು ಹುಡುಕಿಕೊಂಡು ಹೋದುದು ಪುರೋಹಿತರನ್ನಲ್ಲ, ಛತ್ರದ ಗುಮಾಸ್ತನನ್ನು. ಆಷಾಢದಲ್ಲಿ ಮದುವೆಯಿಲ್ಲ, ಪುಷ್ಯದಲ್ಲಿ ಇಲ್ಲ, ಗುರು ಶುಕ್ರರ ಅಸ್ತದಲ್ಲಿಯೂ ಇಲ್ಲ. ಉಳಿದ ದಿನಗಳಲ್ಲಿ ಒಳ್ಳೆಯ ಲಗ್ನಗಳೆಂಬುವು ಎಲ್ಲರಿಗೂ ಅವೇ. ಆದುದರಿಂದ ಛತ್ರವು ಖಾಲಿಯಿದ್ದ ದಿನವನ್ನು ಮೊದಲು ಗೊತ್ತುಮಾಡಿಕೊಂಡು, ಆಮೇಲೆ ಆ ದಿನಕ್ಕೆ ಒಪ್ಪುವ ಲಗ್ನವನ್ನು ಹುಡುಕಿಕೊಡಿರೆಂದು ಪುರೋಹಿತರನ್ನು ಕೇಳಿದರು. ಪುರೋಹಿತರು ಲೋಕಾನುಭವಿಗಳು, ಹುಡುಕಿಕೊಟ್ಟರು.

ಬಳಿಕ ಬಂದುದು ಪಟ್ಟಿ. ಹೆಣ್ಣಿನ ಕಡೆಯಿಂದ 350 ಮಂದಿ, ಗಂಡಿನ ಕಡೆಯಿಂದ “ಹೆಚ್ಚೇನಿಲ್ಲ, 500 ಆಗಬಹುದು.” ಈ 500ರಲ್ಲಿ ವರನ ತಂದೆಯ ಕಚೇರಿಯವರು, ಬಡಾವಣೆಯ ಸಂಘದವರು, ವರನೊಡನೆ ಕೆಲಸಮಾಡುವವರು ಎಲ್ಲರೂ ಇದ್ದರು. ಅವರಲ್ಲಿ ವಧುವಿನ ಹೆಸರನ್ನು ಕಾರ್ಡು ನೋಡದೆ ಹೇಳಬಲ್ಲವರು ಎಷ್ಟು ಮಂದಿಯೋ ನಾನರಿಯೆ. ಊಟದ ಗುತ್ತಿಗೆದಾರನು ಎಲೆಗಿಷ್ಟೆಂದು ಲೆಕ್ಕ ಹಾಕುತ್ತಾನೆ. ಸಂಜೆಯ ಎಲೆಗೆ 500 ರೂಪಾಯಿಯೆಂದೇ ಇಟ್ಟುಕೊಳ್ಳೋಣ; 850 ಜನಕ್ಕೆ 4,25,000. ಮುಹೂರ್ತದ ಊಟ, ಛತ್ರ, ಓಲಗ, ಬಟ್ಟೆ, ಒಡವೆ, ಇವು ಯಾವುವೂ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ವೇದಿಕೆಯ ಹೂವಿನ ಅಲಂಕಾರವು ಬೇರೆ, ದೀಪದ ಕಮಾನುಗಳು ಬೇರೆ, ವಾದ್ಯಗೋಷ್ಠಿ ಬೇರೆ, ಛಾಯಾಚಿತ್ರಕಾರರು ನಾಲ್ವರು, ಮೇಲೆ ಹಾರುವ ಡ್ರೋನ್ ಒಂದು. ಆ ಉಪಾಧ್ಯಾಯರು 33 ವರ್ಷ ಮಕ್ಕಳಿಗೆ ಗಣಿತ ಕಲಿಸಿದವರು. ಈ ಕೂಡುವ ಲೆಕ್ಕ ಅವರಿಗೆ ಬಾರದೆ ಹೋಯಿತೆನ್ನಲಾಗದು. ಒಂದು ದಿನ ಸಂಕೋಚದಿಂದ, “ಆರತಕ್ಷತೆಯನ್ನು ಸ್ವಲ್ಪ ಹಗುರವಾಗಿ ಮಾಡಿದರೆ ಹೇಗೆ?” ಎಂದು ಬೀಗರನ್ನು ಕೇಳಿದರಂತೆ. “ನಿಮ್ಮ ಇಷ್ಟ ಮೇಷ್ಟ್ರೇ, ನಾಲ್ಕು ಜನ ಬರುವ ಜಾಗ, ನಿಮ್ಮ ಮರ್ಯಾದೆಯೂ ನೋಡಿಕೊಳ್ಳಬೇಕಲ್ಲ” ಎಂದು ಉತ್ತರ ಬಂದಿತು. ಹಗುರವಾಗಲಿಲ್ಲ. ನಿವೃತ್ತಿಯಲ್ಲಿ ಕೈಗೆ ಬಂದಿದ್ದ ಹಣ ಮುಗಿಯಿತು. ಸಹಕಾರ ಸಂಘದಲ್ಲಿ ಸಾಲವೂ ಆಯಿತು. ಎರಡನೆಯ ಮಗಳು ಆ ವರ್ಷವೇ ಬಿ.ಎಸ್ಸಿ. ಮುಗಿಸಿ ಮುಂದೆ ಓದಬೇಕೆಂದಿದ್ದವಳು, ಒಂದು ಖಾಸಗಿ ಶಾಲೆಯಲ್ಲಿ ಕೆಲಸಕ್ಕೆ ಸೇರಿದಳು. ಆ ಹೂವಿನ ಕಮಾನುಗಳನ್ನು ಮಾರನೆಯ ಮಧ್ಯಾಹ್ನ ಛತ್ರದ ಹಿಂದಿನ ತಿಪ್ಪೆಯಲ್ಲಿ ಕಂಡಾಗ ನನಗೆ ಆ ಹುಡುಗಿಯ ನೆನಪಾಯಿತು.

ಆ ರಾತ್ರಿ ನಡೆದುದನ್ನೂ ಹೇಳಬೇಕು. ಏಳು ಗಂಟೆಗೆ ವೇದಿಕೆಯೇರಿದ ವಧೂವರರು ಹನ್ನೊಂದರವರೆಗೆ ನಿಂತೇ ಇದ್ದರು. ಕೆಳಗೆ ಸಾಲು, ಸಾಲಿನಲ್ಲಿ ನಿಂತವರ ಕಣ್ಣು ವೇದಿಕೆಯ ಮೇಲೊಮ್ಮೆ, ಊಟದ ಮನೆಯ ಬಾಗಿಲಿನ ಮೇಲೊಮ್ಮೆ. ಮೇಲೇರಿದವರಿಗೆ ವಧೂವರರೊಡನೆ ಒಂದು ಮಾತಾಡಲು ಬಿಡುವಿಲ್ಲ. “ಇಲ್ಲಿ ನೋಡಿ ಸಾರ್” ಎಂದು ಕ್ಯಾಮೆರಾದವನು ಕೂಗುತ್ತಾನೆ, ನೋಡುತ್ತಾರೆ, ಇಳಿಯುತ್ತಾರೆ. ವಾದ್ಯಗೋಷ್ಠಿಯ ಅಬ್ಬರದಲ್ಲಿ ವರ್ಷಗಳ ಮೇಲೆ ಕೂಡಿದ ಅಕ್ಕತಂಗಿಯರು ಒಬ್ಬರ ಮಾತು ಒಬ್ಬರಿಗೆ ಕೇಳಿಸದೆ ಸುಮ್ಮನೆ ನಕ್ಕು ಕುಳಿತಿದ್ದರು. ಮಲಗುವಾಗ ಒಂದು ಗಂಟೆ. ಮಂಗಳಸ್ನಾನಕ್ಕಾಗಿ ಆ ಹೆಣ್ಣುಮಗಳನ್ನು ನಾಲ್ಕಕ್ಕೆ ಎಬ್ಬಿಸಿದರು.

ಏಳೂವರೆಯ ಮುಹೂರ್ತ. ಹಿಂದಿನ ಸಂಜೆ ಕುರ್ಚಿ ಸಾಲದೆ ಹೋಗಿದ್ದ ಸಭಾಂಗಣದಲ್ಲಿ ಆಗ ಅರುವತ್ತು ಜನರಿದ್ದರೆ ಹೆಚ್ಚು. ಅಂತರಪಟದ ಇತ್ತ ಹೆಣ್ಣು, ಅತ್ತ ಗಂಡು, ಕೈಯಲ್ಲಿ ಜೀರಿಗೆ ಬೆಲ್ಲ. ಇಬ್ಬರ ಕಣ್ಣುಗಳೂ ನಿದ್ದೆಯಿಲ್ಲದೆ ಕೆಂಪಾಗಿದ್ದುವು. ಒಬ್ಬರನ್ನೊಬ್ಬರು ಮೊದಲು ನೋಡುವ ಕ್ಷಣವೆಂದು ಹಿಡಿಯುವ ಆ ಪಟಕ್ಕೆ, ಹಿಂದಿನ ರಾತ್ರಿ ನಾಲ್ಕು ತಾಸು ಭುಜಕ್ಕೆ ಭುಜ ತಾಗಿಸಿ ನಿಂತವರ ನಡುವೆ ಏನು ಅರ್ಥ ಉಳಿದಿತ್ತೆಂಬುದನ್ನು ವಾಚಕರೇ ಯೋಚಿಸಲಿ. ಮಾಂಗಲ್ಯಧಾರಣೆಯ ವೇಳೆ ನಾಲ್ವರು ಛಾಯಾಚಿತ್ರಕಾರರು ಮಂಟಪದ ಸುತ್ತ ಕೋಟೆ ಕಟ್ಟಿದರು. ಅಕ್ಷತೆ ಎರಚಿದವರಿಗೆ ಕಂಡುದು ಅವರ ಬೆನ್ನು. ಲಾಜಾಹೋಮ ನಡೆಯುತ್ತಿರುವಾಗ ಛತ್ರದವನು ಬಂದು, ಮೂರು ಗಂಟೆಗೆ ಬೇರೆ ಪಾರ್ಟಿ ಬರುವುದೆಂದು ಜ್ಞಾಪಿಸಿದನು. ಪುರೋಹಿತರು ಸಪ್ತಪದಿಯ ಮಂತ್ರಗಳನ್ನು ರೈಲು ಹಿಡಿಯುವವರಂತೆ ಹೇಳಿದರು.

ಆ ಏಳು ಹೆಜ್ಜೆಗಳೆಂದರೆ ಏನೆಂಬುದನ್ನು ಧರ್ಮಶಾಸ್ತ್ರಕ್ಕೆ ಹೋಗದೆ ಕಾಯಿದೆಯಿಂದಲೇ ತಿಳಿಯಬಹುದು. 1955ರ ಹಿಂದೂ ವಿವಾಹ ಕಾಯಿದೆಯ 7ನೆಯ ವಿಧಿಯಂತೆ, ಸಪ್ತಪದಿಯುಳ್ಳ ಪದ್ಧತಿಯಲ್ಲಿ ವಿವಾಹವು ಪೂರ್ಣವೂ ಬಂಧಕವೂ ಆಗುವುದು ಏಳನೆಯ ಹೆಜ್ಜೆಯಿಟ್ಟಾಗ. ಅಗ್ನಿಯ ಮುಂದೆ ವಿಧಿಯೇ ನಡೆಯದೆ ನೋಂದಣಿಯ ಪತ್ರವನ್ನು ಮಾತ್ರ ಪಡೆದಿದ್ದ ದಂಪತಿಗಳ ವ್ಯಾಜ್ಯವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2024ರಲ್ಲಿ, ಹಿಂದೂ ವಿವಾಹವೆಂಬುದು ಹಾಡು ಕುಣಿತಕ್ಕೂ ಉಣಿಸು ತಿನಿಸಿಗೂ ಒದಗಿದ ಸಮಾರಂಭವಲ್ಲ, ಅದೊಂದು ಸಂಸ್ಕಾರ ಎಂದು ಹೇಳಿ, ಪತ್ರ ಮಾತ್ರದಿಂದ ಅದು ವಿವಾಹವಾಗದೆಂದು ತೀರ್ಮಾನಿಸಿತು. ಹೀಗಿರುವಲ್ಲಿ ಹಿಂದಿನ ಸಂಜೆಯ ವೇದಿಕೆಯ ಮೇಲಿದ್ದವರು ಯಾರು? ಕಾಯಿದೆಯ ದೃಷ್ಟಿಯಲ್ಲಿ ಒಬ್ಬ ಅವಿವಾಹಿತ, ಒಬ್ಬಳು ಅವಿವಾಹಿತೆ. ಒಂದು ವೇಳೆ ಆ ರಾತ್ರಿಯೇ ಹೆಣ್ಣಿಗೋ ಗಂಡಿಗೋ ಮನಸ್ಸು ಹಿಂಜರಿಯಿತೆನ್ನಿ. ಬೇಡವೆನ್ನುವ ಹಕ್ಕು ಅವರಿಗೆ ಪೂರ್ಣವಾಗಿ ಉಂಟು. ಆದರೆ ಸಾವಿರ ಜನರ ಹರಕೆಯನ್ನೂ ಉಡುಗೊರೆಯನ್ನೂ ಸ್ವೀಕರಿಸಿದ ಮೇಲೆ ಆ ಮಾತನ್ನು ಬಾಯಿಬಿಟ್ಟು ಹೇಳುವ ಧೈರ್ಯ ಇಪ್ಪತ್ತನಾಲ್ಕರ ಹುಡುಗಿಯೊಬ್ಬಳಿಗೆ ಎಲ್ಲಿಂದ ಬಂದೀತು? ಒಪ್ಪಿಗೆಯನ್ನು ಕೇಳುವ ಮೊದಲೇ ಅದನ್ನು ಊರಿಗೆಲ್ಲ ಸಾರಿಬಿಡುವ ಈ ಪದ್ಧತಿಯಲ್ಲಿ ನನಗೆ ಖರ್ಚಿಗಿಂತಲೂ ಹೆಚ್ಚು ಭಯಂಕರವಾಗಿ ತೋರುವುದು ಇದೇ.

ಇದಕ್ಕೆ ಪ್ರತಿಯಾಗಿ ಹೇಳುವ ಮಾತುಗಳನ್ನು ನಾನು ಕೇಳದೆ ಇಲ್ಲ. ನಾವು ಎಲ್ಲರ ಮನೆಯಲ್ಲಿ ಉಂಡಿದ್ದೇವೆ, ಈಗ ಅವರಿಗೆ ಇಕ್ಕದಿರುವುದು ಹೇಗೆ ಎನ್ನುತ್ತಾರೆ. ಈ ಮಾತಿನಲ್ಲಿ ಹುರುಳುಂಟು. ಮುಯ್ಯಿ ಎಂಬುದು ನಮ್ಮ ನಾಡಿನ ಹಳೆಯ ಧರ್ಮ. ಹಳ್ಳಿಯ ಮದುವೆಗಳಲ್ಲಿ ಒಬ್ಬ ಅಕ್ಷರಸ್ಥನು ಚಪ್ಪರದ ಮೂಲೆಯಲ್ಲಿ ಕುಳಿತು, ಯಾರು ಎಷ್ಟು ಮುಯ್ಯಿ ಹಾಕಿದರೆಂಬುದನ್ನು ಪುಸ್ತಕದಲ್ಲಿ ಬರೆದುಕೊಳ್ಳುವುದುಂಟು. ಅವರ ಮನೆಯ ಮದುವೆಯಲ್ಲಿ ಅಷ್ಟನ್ನೂ ಸ್ವಲ್ಪ ಮೇಲೆಯೂ ಸೇರಿಸಿ ಹಿಂದಿರುಗಿಸತಕ್ಕದ್ದು. ಅದು ಬಡವರ ಚೀಟಿ, ಬಡ್ಡಿಯಿಲ್ಲದ ಸಾಲ. ಹಣವೊಂದೇ ಅಲ್ಲ, ತಿಂಗಳ ಮೊದಲೇ ಬಂದು ಅಕ್ಕಿ ಹಸನು ಮಾಡಿದವರು, ಅರಿಶಿನ ಕುಟ್ಟಿದವರು, ಹಪ್ಪಳ ಸಂಡಿಗೆ ಇಟ್ಟವರು, ಹಾಲುಗಂಬ ನೆಟ್ಟು ತೆಂಗಿನ ಗರಿಯ ಚಪ್ಪರ ಹಾಕಿದವರು, ಇವರೆಲ್ಲರ ದುಡಿಮೆಯೂ ಮುಯ್ಯಿಯೇ. ಮದುವೆಯ ಸಿದ್ಧತೆಯೆಂದರೆ ಆಗ ಯಾರನ್ನು ಯಾವ ಕೆಲಸಕ್ಕೆ ಕರೆಯಬೇಕೆಂಬ ಯೋಚನೆ. ಈಗ ಯಾರಿಗೆ ಎಷ್ಟು ಮುಂಗಡ ಕೊಡಬೇಕೆಂಬ ಯೋಚನೆ. ಇಂದಿನ ಆರತಕ್ಷತೆಯಲ್ಲಿ ಮುಯ್ಯಿಯ ಭಾರ ಮಾತ್ರ ಉಳಿದು ಅದರ ನೆರವು ಹೋಗಿದೆ. ಗಂಡಿನ ತಂದೆಯ ಕಚೇರಿಯವರಿಗೆ ಹೆಣ್ಣಿನ ತಂದೆ ತೀರಿಸಬೇಕಾದ ಋಣವಾದರೂ ಯಾವುದು?

ಹಳೆಯದನ್ನು ಹೊಗಳುತ್ತಿದ್ದೇನೆಂದು ಯಾರೂ ತಿಳಿಯಬಾರದು. ಆ ಚಪ್ಪರದ ಮದುವೆಯಲ್ಲಿ ಹೆಂಗಸರು ಹೊಗೆಯಲ್ಲಿ ಬೆಂದು, ಕೊನೆಯ ಪಂಕ್ತಿಯಲ್ಲಿ ತಣ್ಣನೆಯದನ್ನು ಉಣ್ಣುತ್ತಿದ್ದರು. ವಿಧವೆಯರು ಒಳಕೋಣೆಯಿಂದ ಹೊರಗೆ ಬರುವಂತಿರಲಿಲ್ಲ. ಪಂಕ್ತಿಭೇದದ ಮಾತನ್ನು ಹೇಳದಿರುವುದೇ ಲೇಸು. ಮದುಮಗಳಂತೂ ಬಹುಕಾಲ ಮಗುವೇ ಆಗಿದ್ದಳು. ಎಂಟು ವರ್ಷ ತುಂಬದ ಹೆಣ್ಣಿನ ಮದುವೆಯನ್ನು ತಡೆಯಲು ಮೈಸೂರು ಸರ್ಕಾರವು 1894ರಲ್ಲಿ ಕಾನೂನು ಮಾಡಬೇಕಾಯಿತೆಂಬುದೇ ನಾಚಿಕೆಯ ಸಾಕ್ಷ್ಯ. ಬರೆಯುವವರು ಬರೆದು ಬರೆದು ಕೆಲವನ್ನು ಕಳಚಿದರು. ಹೆಣ್ಣನ್ನು ಮಾರುವ ಪದ್ಧತಿಯನ್ನು ಹಳಿದ “ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ” 1887ರಷ್ಟು ಹಿಂದಿನದು, ತರುವಾಯ ಗಂಡಿನ ಬೆಲೆಯೇರಿದಾಗ ಕೈಲಾಸಂ ಅವರು “ತಾಳಿ ಕಟ್ಟೋಕ್ಕೂಲೀನೇ?” ಎಂಬ ಪ್ರಶ್ನೆಯನ್ನೇ ನಾಟಕದ ಹೆಸರಾಗಿಟ್ಟರು. ತಾಳಿ ಕಟ್ಟುವುದಕ್ಕೆ ಕೂಲಿ ಕೇಳಲು ಈಗ ನಾಚುವ ನಾವು, ತಾಳಿ ಕಟ್ಟುವ ಹಿಂದಿನ ದಿನ ನಿಂತು ಫೋಟೋ ತೆಗೆಸಿಕೊಳ್ಳುವುದಕ್ಕೆ ಅದನ್ನೇ ವಸೂಲು ಮಾಡುತ್ತಿದ್ದೇವೆ.

ಹೂವಿನವರು, ಅಡಿಗೆಯವರು, ದೀಪದವರು ಇವರ ಜೀವನ ಹೇಗೆ ಎಂದು ಕೇಳುವವರೂ ಉಂಟು. ಆರತಕ್ಷತೆಯೇ ಕೂಡದೆಂದು ನಾನು ಹೇಳಲಿಲ್ಲ. ಮದುವೆಯಾದ ಮೇಲೆ ಗಂಡಿನ ಮನೆಯವರು ಮಾಡಿದರೂ ಅಡಿಗೆಯವರೇ ಬೇಯಿಸಬೇಕು, ಹೂವಿನವರೇ ಕಟ್ಟಬೇಕು. ವ್ಯತ್ಯಾಸವಿಷ್ಟೆ: ಪಟ್ಟಿ ಬರೆಯುವವರೂ ಹಣ ಕೊಡುವವರೂ ಒಬ್ಬರೇ ಆದಾಗ 500 ಎಂಬುದು ತಾನಾಗಿ 200 ಆಗುತ್ತದೆ. ಎಲೆಯ ಮೇಲೆ ಬಿಟ್ಟೇಳುವ ಅನ್ನವೂ ಆಗ ಕಡಮೆಯಾದೀತು. ಬೆಂಗಳೂರಿನ ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಆಹಾರ ಹಾಳಾಗುವುದೆಂದು ಅಲ್ಲಿಯ ಕೃಷಿ ವಿಶ್ವವಿದ್ಯಾನಿಲಯದವರ ಸಮೀಕ್ಷೆಯೊಂದು 2012ರಲ್ಲಿ ಲೆಕ್ಕ ಕೊಟ್ಟಿದ್ದಿತು. ಪರರ ಹಣದಲ್ಲಿ ಕರೆದ ಅತಿಥಿಗಳ ಪಾಲು ಅದರಲ್ಲಿ ಎಷ್ಟೆಂಬುದನ್ನು ಅವರು ಅಳೆಯಲಿಲ್ಲ.

ಬೇರೆ ದಾರಿಗಳಿಲ್ಲವೇ ಎಂದರೆ, ಇವೆ. ಕುವೆಂಪು ಅವರು ಮಂತ್ರಮಾಂಗಲ್ಯವನ್ನು ರೂಪಿಸಿ, 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ವಿವಾಹವನ್ನು ಆ ಸರಳ ಕ್ರಮದಲ್ಲಿಯೇ ನಡೆಯಿಸಿದರು. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹಗಳು ನಡೆದುಬಂದಿವೆ. ಇವೆರಡನ್ನೂ ನಮ್ಮ ಮನೆಗಳಲ್ಲಿ ಮನಸಾರೆ ಹೊಗಳುವುದುಂಟು. ಹೊಗಳಿದ ಬಳಿಕ ಛತ್ರಕ್ಕೆ ಮುಂಗಡ ಕೊಡಲು ಹೋಗುವುದೂ ಉಂಟು. ಒಂದನ್ನು ಮಹಾಪುರುಷರಿಗೆಂದೂ ಇನ್ನೊಂದನ್ನು ಬಡವರಿಗೆಂದೂ ವಿಂಗಡಿಸಿಬಿಟ್ಟು, ನಡುವಿನ ನಾವು ಸುರಕ್ಷಿತರಾಗಿದ್ದೇವೆ. ಆದುದರಿಂದಲೇ ನಾನು ಅಷ್ಟು ದೊಡ್ಡದನ್ನು ಕೇಳುತ್ತಿಲ್ಲ. ಜಾತಕ ನೋಡುವವರು ನೋಡಲಿ, ಓಲಗ ಊದಿಸುವವರು ಊದಿಸಲಿ, ಹೋಳಿಗೆಯನ್ನು ಹಾಕಿಸಲಿ. ಮಾತುಕತೆಯ ಮೊದಲ ದಿನವೇ ಗಂಡಿನ ಕಡೆಯವರು, “ಹಿಂದಿನ ದಿನ ಆರತಕ್ಷತೆ ಬೇಡ, ಮುಹೂರ್ತಕ್ಕೆ ನಾವು ಇಷ್ಟು ಮಂದಿ ಬರುತ್ತೇವೆ” ಎಂದು ಸಂಖ್ಯೆ ಹೇಳಲಿ. ಅವರು ಹೇಳದಿದ್ದರೆ ಹೆಣ್ಣಿನ ಕಡೆಯವರೇ ಕೇಳಲಿ. ಮಿಕ್ಕ ಸಿದ್ಧತೆಯೆಲ್ಲ ಆ ಒಂದು ಸಂಖ್ಯೆಯಿಂದ ಹೊರಡಲಿ: ಛತ್ರ ಎಷ್ಟು ದೊಡ್ಡದು ಬೇಕು, ಅಥವಾ ಛತ್ರವೇ ಬೇಕೇ, ಮನೆಯ ಮುಂದಿನ ಚಪ್ಪರ ಸಾಲದೇ, ದೇವಸ್ಥಾನದ ಪ್ರಾಂಗಣವಾಗದೇ ಎಂಬುದು ಆಮೇಲೆ. ಉಡುಗೊರೆಗಳ ಪಟ್ಟಿಯನ್ನು ಬರೆದು ಸಹಿ ಹಾಕಿ ಇಟ್ಟುಕೊಳ್ಳಬೇಕೆಂದು 1985ರ ನಿಯಮಗಳು ವಿಧಿಸಿವೆ. ಅದನ್ನು ಬರೆದ ಮನೆಯನ್ನು ನಾನಿನ್ನೂ ಕಂಡಿಲ್ಲ. ಆ ಪಟ್ಟಿಯೊಡನೆ ಈ ಸಂಖ್ಯೆಯನ್ನೂ ಬರೆದಿಟ್ಟರೆ ಕೆಡುವುದೇನೂ ಇಲ್ಲ.

ಕೇಳಿದರೆ ಸಂಬಂಧ ಮುರಿದುಹೋದೀತೆಂಬ ಭಯವೇ ಎಲ್ಲಕ್ಕೂ ಮೂಲ. ಆ ಭಯವನ್ನು ನಾನು ಹಗುರವಾಗಿ ಕಾಣಲಾರೆ. ನೆರೆಮನೆಯ ಉಪಾಧ್ಯಾಯರ ಮುಖದಲ್ಲಿ ಅದನ್ನು ತಿಂಗಳುಗಟ್ಟಲೆ ಕಂಡವನು ನಾನು. ಆದರೆ ಮೊನ್ನೆ ಅವರ ಎರಡನೆಯ ಮಗಳ ಮಾತುಕತೆ ನಡೆದಾಗ ಕೇಳಿದುದು ಅವರಲ್ಲ, ಅವಳೇ. ಕಾಫಿಯ ತಟ್ಟೆಯನ್ನು ಕೆಳಗಿಟ್ಟು, “ಅಪ್ಪ ಅಕ್ಕನ ಮದುವೆಯ ಸಾಲವನ್ನು ಹೋದ ವರ್ಷ ತೀರಿಸಿದರು. ನಿಮ್ಮ ಕಡೆಯವರಿಗಾಗಿ ಆರತಕ್ಷತೆ ಬೇಕಾದರೆ ಮದುವೆಯ ಮಾರನೆಯ ವಾರ ನಿಮ್ಮ ಊರಿನಲ್ಲಿ ಇಟ್ಟುಕೊಳ್ಳಿ, ಎಷ್ಟು ಹೊತ್ತು ಬೇಕಾದರೂ ಬಂದು ನಿಲ್ಲುತ್ತೇನೆ” ಎಂದಳು. ಹುಡುಗನ ತಾಯಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ತಂದೆ, ಊರಿಗೆ ಹೋಗಿ ಕಾಗದ ಬರೆಯುತ್ತೇವೆಂದರು. ಎಂಟು ದಿನ ಆ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲವೆಂಬುದು ನನಗೆ ಗೊತ್ತು. ಒಂಬತ್ತನೆಯ ದಿನ ಹುಡುಗನೇ ದೂರವಾಣಿಯಲ್ಲಿ ಮಾತಾಡಿದನು. ತಮ್ಮ ಕಡೆಯಿಂದ 80 ಜನ ಎಂದನು.

ಆ ಮದುವೆಯ ಆಹ್ವಾನಪತ್ರಿಕೆ ನಿನ್ನೆ ನಮ್ಮ ಮನೆಗೆ ಬಂದಿತು. ಗಂಡಹೆಂಡಿರು ಇಬ್ಬರೂ ಅಕ್ಷತೆ ಕುಂಕುಮದೊಡನೆ ತಂದು ಕೊಟ್ಟರು. ಒಂದೇ ಹಾಳೆ, ಅರಿಶಿನದ ಅಂಚು. ಮುಹೂರ್ತ ಬೆಳಗ್ಗೆ 9 ಗಂಟೆ 40 ನಿಮಿಷಕ್ಕೆ. ಸ್ಥಳ, ನಮ್ಮ ಬೀದಿಯ ಕೊನೆಯ ದೇವಸ್ಥಾನ. ಊಟಕ್ಕೆ ಬಡಿಸುವವರು ಬೇಕಂತೆ. ನನ್ನ ಹೆಸರನ್ನೂ ಬರೆದುಕೊಂಡು ಹೋಗಿದ್ದಾರೆ.